ಔಷಧದಾನವುಂಟು, ರೋಗಿಗೆ ಮತವಿಲ್ಲ

2024ರ ಮೇ 20, ಸೋಮವಾರ. ಮುಂಬೈ, ಠಾಣೆ, ಕಲ್ಯಾಣ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆದ ದಿನ. ಸಂಜೆಯಾಗುವ ಮೊದಲೇ ಸಮಾಜದ ವಾಟ್ಸಾಪ್ ಬಳಗಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗಿದ್ದವು. ಒಂದು, ಶಾಯಿ ಹಚ್ಚಿದ ತೋರುಬೆರಳುಗಳ ಚಿತ್ರ. ಇನ್ನೊಂದು, ಮನೆಯಲ್ಲಿ ಉಳಿದವರ ಮೇಲೆ ವಾಗ್ದಂಡನೆ. ಮತ ಹಾಕದವರು ಸೋಮಾರಿಗಳು, ದೇಶದ ಚಿಂತೆಯಿಲ್ಲದವರು, ಮುಂದೆ ಸರ್ಕಾರವನ್ನು ಟೀಕಿಸಲು ಅವರಿಗೆ ಬಾಯಿಲ್ಲ ಎಂಬ ಧಾಟಿಯ ಆ ಉಪದೇಶಗಳನ್ನು ಹರಿಬಿಟ್ಟವರಲ್ಲಿ ಸಂಘಗಳ ಪದಾಧಿಕಾರಿಗಳೂ ಇದ್ದರು. ಶನಿವಾರ, ಭಾನುವಾರಗಳ ಜೊತೆ ರಜೆ ಸೇರಿಸಿಕೊಂಡು ಲೋಣಾವಳಕ್ಕೆ ಹೋದವರಿಗೆ ಆ ಮಾತು ಸಲ್ಲುತ್ತದೆ. ಆದರೆ ಡೊಂಬಿವಲಿಯ ಲಿಫ್ಟ್ ಇಲ್ಲದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಮೂತ್ರಪಿಂಡ ಸೋತು ಮಲಗಿರುವ ಎಪ್ಪತ್ತೆರಡರ ಶ್ರಾವಿಕೆಗೂ ಅದೇ ಮಾತು ಸಲ್ಲುತ್ತದೆಯೇ?

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕಾಗುತ್ತದೆ. ಕೆಲವರ ಸರದಿ ಸೋಮ-ಬುಧ-ಶುಕ್ರ, ಉಳಿದವರದು ಮಂಗಳ-ಗುರು-ಶನಿ. ಈಗ ಪಂಚಾಂಗವನ್ನು ತೆರೆದು ನೋಡಬೇಕು. 2024ರಲ್ಲಿ ಚೆನ್ನೈ ಮತ ಹಾಕಿದ್ದು ಏಪ್ರಿಲ್ 19ರ ಶುಕ್ರವಾರ. ಪುಣೆ ಮತ್ತು ಹೈದರಾಬಾದು ಮೇ 13ರ ಸೋಮವಾರ. ಮುಂಬೈ ಮೇ 20ರ ಸೋಮವಾರ. ಅದೇ ವರ್ಷದ ಮಹಾರಾಷ್ಟ್ರ ವಿಧಾನಸಭೆಯ ಮತದಾನ ನವೆಂಬರ್ 20ರ ಬುಧವಾರ. ಎಲ್ಲವೂ ಒಂದೇ ಸರದಿಯವರ ಪಾಲಿಗೆ ಬಂದವು. ದೆಹಲಿಯ ಮೇ 25 ಮಾತ್ರ ಶನಿವಾರವಾಗಿ ಇನ್ನೊಂದು ಸರದಿಯವರಿಗೆ ತಗುಲಿತು. ಇದರಲ್ಲಿ ಯಾರ ಸಂಚೂ ಇಲ್ಲ, ಕಾಕತಾಳೀಯ. ಆದರೆ ಚಿಕಿತ್ಸೆ ಮುಗಿಸಿ, ರಕ್ತದೊತ್ತಡ ಕುಸಿದು, ಮಗನ ತೋಳು ಹಿಡಿದು ಮೂರು ಮಹಡಿ ಹತ್ತಿದ ಜೀವ ಮತ್ತೆ ಮೂರು ಮಹಡಿ ಇಳಿದು ಮೇ ತಿಂಗಳ ಸೆಕೆಯಲ್ಲಿ ಸಾಲು ನಿಲ್ಲಲಾರದೆಂಬುದನ್ನು ಊಹಿಸಲು ಯಾವ ಆಯೋಗದ ವರದಿಯೂ ಬೇಕಿಲ್ಲ. ಆ ದಿನ ಮುಂಬೈಯ ಹಲವು ಮತಗಟ್ಟೆಗಳಲ್ಲಿ ಆರೋಗ್ಯವಂತರೇ ಸಾಲಿನ ಉದ್ದ ಕಂಡು ಬೇಸತ್ತಿದ್ದರು.

ಅನಾರೋಗ್ಯಕ್ಕೂ ರಾಜಕೀಯ ಭಾಗವಹಿಸುವಿಕೆಗೂ ಇರುವ ನಂಟನ್ನು ಯುರೋಪಿನ ವಿದ್ವಾಂಸರು ಅಳೆದಿದ್ದಾರೆ. ಫಿನ್‌ಲೆಂಡಿನ ಮಿಕ್ಕೊ ಮತ್ತಿಲಾ, ಲೌರಿ ರಪೇಲಿ ಮತ್ತು ಸಂಗಡಿಗರು 30 ದೇಶಗಳ ಸಮೀಕ್ಷೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ತಾತ್ಪರ್ಯವಿಷ್ಟು: ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ಹೇಳಿಕೊಂಡವರು ಮತಗಟ್ಟೆಗೆ ಹೋಗುವುದು ಕಡಿಮೆ. ಅನಂತರದ ಕೆಲಸದಲ್ಲಿ ಅದೇ ವಿದ್ವಾಂಸರು ಅನಾರೋಗ್ಯದೊಂದಿಗೆ ರಾಜಕೀಯ ವ್ಯವಸ್ಥೆಯ ಮೇಲಿನ ನಂಬಿಕೆಯೂ ಇಳಿಯುವುದನ್ನು ಗುರುತಿಸಿದರು. ನಾರ್ಡಿಕ್ ದೇಶಗಳಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ಮತದಾನದಿಂದ ದೂರ ಉಳಿದ ರೋಗಿಗಳು ಎಲ್ಲದರಿಂದಲೂ ದೂರ ಉಳಿದಿರಲಿಲ್ಲ. ಅಧಿಕಾರಿಗಳನ್ನು, ಜನಪ್ರತಿನಿಧಿಗಳನ್ನು ಸಂಪರ್ಕಿಸುವಂಥ ಕೆಲಸಗಳಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ, ಕೆಲವೆಡೆ ಮುಂದೆಯೇ ಇದ್ದರು. ಯುರೋಪಿನ ಲೆಕ್ಕವನ್ನು ಭಾರತಕ್ಕೆ ಹಾಗೆಯೇ ಅಂಟಿಸುವುದು ತಪ್ಪು. ಅಲ್ಲಿನ ಆಸ್ಪತ್ರೆಯೂ ಬೇರೆ, ಚುನಾವಣೆಯೂ ಬೇರೆ. ಆದರೂ ಸೋಮಾರಿತನದ ಆರೋಪವನ್ನು ಕಿತ್ತೊಗೆಯಲು ಇಷ್ಟು ಸಾಕು. ರೋಗ ಬಂದವರಿಗೆ ರಾಜಕೀಯದ ಆಸಕ್ತಿ ಸತ್ತಿರುವುದಿಲ್ಲ. ದೇಹ ಮತಗಟ್ಟೆಯವರೆಗೆ ಹೋಗದು, ಮತಗಟ್ಟೆ ದೇಹದ ಬಳಿಗೆ ಬಾರದು, ಅಷ್ಟೇ.

ಹಾಗೆ ಬರುವ ವ್ಯವಸ್ಥೆಯೊಂದು ಕಾನೂನಿನಲ್ಲಿದೆ. 2019ರಲ್ಲಿ ಚುನಾವಣಾ ನಿಯಮಗಳಿಗೆ ತಿದ್ದುಪಡಿ ತಂದು 80 ದಾಟಿದವರಿಗೂ ಅಂಗವಿಕಲರಿಗೂ ಅಂಚೆ ಮತಪತ್ರದ ಸೌಲಭ್ಯ ಕಲ್ಪಿಸಲಾಯಿತು. 2023ರ ಮೇ 10ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಹೋಗಿ, ಮರೆ ಕಟ್ಟಿ, ವಿಡಿಯೊ ಚಿತ್ರೀಕರಣದೊಂದಿಗೆ ಇಂಥವರ ಮತ ಪಡೆದರು. ಬೆಳಗಾವಿ, ಬಾಗಲಕೋಟೆಯ ಕಡೆ ಹಿರಿಯರನ್ನು ಬಿಟ್ಟು ಮುಂಬೈ, ಪುಣೆಗಳಲ್ಲಿ ನೆಲೆಸಿದವರು ಆ ಚಿತ್ರಗಳನ್ನು ಕಂಡು ಹಿಗ್ಗಿದ್ದುಂಟು. ಹಿಗ್ಗು ಹೆಚ್ಚು ದಿನ ಬಾಳಲಿಲ್ಲ. 2024ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ವಯಸ್ಸಿನ ಮಿತಿಯನ್ನು 80ರಿಂದ 85ಕ್ಕೆ ಏರಿಸಲಾಯಿತು. 2023ರಲ್ಲಿ 81ರ ಅಜ್ಜಿ ಮನೆಯಲ್ಲಿಯೇ ಮತ ಹಾಕಿದ್ದರೆ, ಮರುವರ್ಷ 82 ತುಂಬಿದಾಗ ಆಕೆ ಸಾಲಿನಲ್ಲಿ ನಿಲ್ಲಲು ಶಕ್ತಳೆಂದು ಸರ್ಕಾರ ತೀರ್ಮಾನಿಸಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಲಾಯಿತು. ಸ್ವಾಗತಾರ್ಹವೇ. ಆದರೆ ಆಸ್ಪತ್ರೆಯ ಮಟ್ಟಿಗೆ 70ಕ್ಕೆ ಮುಪ್ಪು, ಮತಪೆಟ್ಟಿಗೆಯ ಮಟ್ಟಿಗೆ 85ಕ್ಕೆ ಮುಪ್ಪು ಎಂಬ ಈ ಹದಿನೈದು ವರ್ಷಗಳ ಅಂತರಕ್ಕೆ ಯಾರು ಸಮಜಾಯಿಷಿ ಕೊಡಬೇಕು?

ವಯಸ್ಸಾಗದ ರೋಗಿಯ ಪಾಡು ಇನ್ನೂ ವಿಚಿತ್ರ. ಅಂಗವಿಕಲರ ಸೌಲಭ್ಯ ಸಿಗಬೇಕಾದರೆ ಶೇ. 40ರ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಪಾರ್ಕಿನ್ಸನ್ ಕಾಯಿಲೆ ಅಲ್ಲಿದೆ, ಹಿಮೊಫಿಲಿಯಾ, ಥಲಸ್ಸೀಮಿಯಾಗಳಿವೆ. ಮೂತ್ರಪಿಂಡದ ವೈಫಲ್ಯವಿಲ್ಲ, ಕ್ಯಾನ್ಸರ್ ಇಲ್ಲ, ಹೃದಯದ ಕಾಯಿಲೆಯಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮಿನಡಿ ಚಿಕಿತ್ಸಾ ವೆಚ್ಚಕ್ಕೆ ವಿನಾಯಿತಿ ಕೊಡುವಾಗ ಮಾತ್ರ ಇದೇ ರಾಷ್ಟ್ರ ಮೂತ್ರಪಿಂಡದ ದೀರ್ಘಕಾಲಿಕ ವೈಫಲ್ಯವನ್ನೂ ಕ್ಯಾನ್ಸರನ್ನೂ ಗಂಭೀರ ರೋಗಗಳೆಂದು ಪಟ್ಟಿಮಾಡಿತ್ತು. ತೆರಿಗೆಯ ಕಾಗದದಲ್ಲಿ ರೋಗಿ, ಮತದಾರರ ಪಟ್ಟಿಯಲ್ಲಿ ನಿರೋಗಿ! ಇನ್ನೊಂದು ಹೋಲಿಕೆ ಕಹಿಯಾದದ್ದು. ಮುಂಜಾಗ್ರತಾ ಬಂಧನದಲ್ಲಿರುವ ವ್ಯಕ್ತಿಗೆ ಅಂಚೆಯ ಮೂಲಕ ಮತ ಹಾಕುವ ಹಕ್ಕನ್ನು 1961ರ ಚುನಾವಣಾ ನಿಯಮಗಳು ಕೊಡುತ್ತವೆ. ಕೊಡಬೇಕಾದದ್ದೇ. ಆದರೆ ಆಸ್ಪತ್ರೆಯ ಮಂಚದ ಮೇಲಿರುವ ಐವತ್ತರ ಕ್ಯಾನ್ಸರ್ ರೋಗಿಗೆ ಅಂಥ ಹಕ್ಕಿಲ್ಲ. ಕೋವಿಡ್ ಕಾಲದಲ್ಲಿ ಸೋಂಕಿತರಿಗೆ ಅಂಚೆ ಮತಪತ್ರ ಕೊಡಲು ದಾರಿ ಹುಡುಕಿದ ವ್ಯವಸ್ಥೆ, ಆ ದಾರಿಯನ್ನು ಉಳಿದ ರೋಗಿಗಳಿಗೆ ತೆರೆದಿಡುವ ಮನಸ್ಸು ಮಾಡಲಿಲ್ಲ. ಸೋಂಕಿತನು ಇತರರಿಗೆ ಅಪಾಯ; ಉಳಿದ ರೋಗಿಯಿಂದ ಯಾರಿಗೂ ಅಪಾಯವಿಲ್ಲ, ಹೀಗಾಗಿ ಅವಸರವೂ ಇಲ್ಲ.

ಅರ್ಹತೆಯುಳ್ಳವರಿಗೂ ಗಡುವಿನ ತೊಡಕಿದೆ. ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ನಮೂನೆ 12ಡಿ ತುಂಬಿ ಕೊಡಬೇಕು. ಆರನೆಯ ದಿನ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ 86ರ ಅಜ್ಜನಿಗೆ, ಮತದಾನಕ್ಕೆ ಇನ್ನೂ ಎರಡು ವಾರ ಮಿಕ್ಕಿದ್ದರೂ, ದಾರಿಯಿಲ್ಲ. ಚಿಕಿತ್ಸೆಗೆಂದು ಪುಣೆಯಿಂದ ಚೆನ್ನೈಯ ಮಗಳ ಮನೆಗೆ ಹೋದ ತಾಯಿಯಂತೂ ಪಟ್ಟಿ ಪರಿಶೀಲಿಸುವವರ ಕಣ್ಣಿಗೆ ‘ಗೈರುಹಾಜರು’ ಅಥವಾ ‘ಸ್ಥಳಾಂತರ’.

ಕಾನೂನಿನ ಮಾತು ಇಲ್ಲಿಗೆ ಸಾಕು. ಮತದಾರನನ್ನು ಮತಗಟ್ಟೆಯಿಂದ ದೂರವಿಡುವವರಲ್ಲಿ ಚುನಾವಣಾ ಆಯೋಗಕ್ಕಿಂತ ಮನೆಯವರೇ ಮುಂದು ಎಂಬ ಸತ್ಯವನ್ನು ಸಮಾಜ ಒಪ್ಪಿಕೊಳ್ಳಬೇಕು. “ಅಪ್ಪಾಜಿಗೆ ಯಾಕೆ ಸುಮ್ಮನೆ ತೊಂದರೆ” ಎಂಬ ಮಗನ ಒಂದು ವಾಕ್ಯದಿಂದ ಎಷ್ಟು ಮತಗಳು ಅಳಿಸಿಹೋಗುತ್ತವೆಂಬ ಲೆಕ್ಕ ಎಲ್ಲಿಯೂ ಇಲ್ಲ. ಪ್ರೀತಿಯಿಂದಲೇ ಆಡಿದ ಮಾತು ಅದು. ಅಪ್ಪಾಜಿಯನ್ನು ಕೇಳಿ ಆಡಿದ ಮಾತಲ್ಲ. ಪಾರ್ಶ್ವವಾಯು ಬಡಿದು ಮಾತು ತೊದಲಿದರೆ ಬುದ್ಧಿಯೂ ತೊದಲುತ್ತದೆಂದು ಮನೆಮಂದಿ ನಂಬುತ್ತಾರೆ. ಖಿನ್ನತೆಗೆ ಗುಳಿಗೆ ನುಂಗುವ ಸೊಸೆಯ ಗುರುತಿನ ಚೀಟಿ ಕಪಾಟಿನಲ್ಲಿಯೇ ಉಳಿಯುತ್ತದೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಅಸ್ವಸ್ಥ ಚಿತ್ತನೆಂದು ಸಕ್ಷಮ ನ್ಯಾಯಾಲಯ ಘೋಷಿಸಿದವನು ಮಾತ್ರ ಪಟ್ಟಿಯಿಂದ ಹೊರಗೆ. ಮನೆಯ ಹಿರಿಮಗ ನ್ಯಾಯಾಲಯವಲ್ಲ.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲಕ್ಕೆ ಮೊಣಕಾಲು ಸೋತ ಅಜ್ಜ ಅಜ್ಜಿಯರನ್ನು ಡೋಲಿಯಲ್ಲಿ ಹೊತ್ತೊಯ್ಯುವ ಪದ್ಧತಿಯಿದೆ. ಬಾಹುಬಲಿಯ ದರ್ಶನವಾಗದೆ ಅವರು ಹಿಂತಿರುಗಬಾರದೆಂಬ ಕಾಳಜಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬಂಡೆಯಲ್ಲಿ ಕಡೆದ ನೂರಾರು ಮೆಟ್ಟಿಲುಗಳನ್ನು ಹತ್ತಿಸಲು ಆದದ್ದು, ಡೊಂಬಿವಲಿಯ ಮೂರು ಮಹಡಿಗಳನ್ನು ಇಳಿಸಲು ಏಕೆ ಆಗದು? ಅಲ್ಲಿ ಪುಣ್ಯವಿದೆ, ಇಲ್ಲಿಲ್ಲ ಎಂಬ ಎಣಿಕೆಯೇ ಕಾರಣವಲ್ಲವೇ?

ಪುಣ್ಯದ ಈ ಎಣಿಕೆಯಲ್ಲಿಯೇ ದೋಷವಿದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸಮಾಜ ಎಂದೂ ಕೈ ಬಿಗಿಹಿಡಿದಿಲ್ಲ. ವೈದ್ಯಕೀಯ ಶಿಬಿರಗಳು, ನೆರವಿನ ನಿಧಿಗಳು, ಡಯಾಲಿಸಿಸ್ ಯಂತ್ರಗಳ ಕೊಡುಗೆ ಇವೆಲ್ಲ ಮೆಚ್ಚತಕ್ಕವೇ. ಆದರೆ ನೆರವು ಸಿಗುವ ಬಗೆಯನ್ನು ಗಮನಿಸಬೇಕು. ರೋಗಿಯ ಮನೆಯವರು ಸಮಿತಿಯ ಮುಂದೆ ಕಾಗದಪತ್ರ ಹಿಡಿದು ನಿಲ್ಲಬೇಕು. ದಶಲಕ್ಷಣ ಪರ್ವದ ಸಭೆಯಲ್ಲಿ ದಾನಿಯ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಲಾಗುತ್ತದೆ. ಚೆಕ್ಕು ಹಿಡಿದ ರೋಗಿಯ ಚಿತ್ರ ಮರುದಿನ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಹೀಗೆ ನೆರವು ಪಡೆದ ಕುಟುಂಬದವರು ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ವೈದ್ಯಕೀಯ ನಿಧಿಗೆ ಬಂದ ಹಣವೆಷ್ಟು, ಬ್ಯಾಂಕಿನಲ್ಲಿ ಠೇವಣಿಯಾಗಿ ಕುಳಿತಿರುವುದೆಷ್ಟು, ರೋಗಿಗಳಿಗೆ ತಲಪಿದ್ದೆಷ್ಟು ಎಂದು ಕೇಳಬಲ್ಲರೇ? ಕೇಳರು. ಕೇಳಿದರೆ ಮುಂದಿನ ಕಂತಿಗೆ ಕುತ್ತು. ಮಹಾರಾಷ್ಟ್ರದ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳು 1950ರ ಕಾಯ್ದೆಯಡಿ ಆಸ್ತಿ-ಹೊಣೆ ಪಟ್ಟಿಯನ್ನೂ ಆದಾಯ-ವೆಚ್ಚದ ಪಟ್ಟಿಯನ್ನೂ ಲೆಕ್ಕಪರಿಶೋಧನೆ ಮಾಡಿಸಿ ಧರ್ಮಾದಾಯ ಆಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸುವುದಷ್ಟೇ ಅಲ್ಲ, ಸದಸ್ಯರಿಗೆ ಓದಲು ಬರುವ ಭಾಷೆಯಲ್ಲಿ ಬಸದಿಯ ಗೋಡೆಗೆ ಹಚ್ಚುವ ಸಂಘಗಳೆಷ್ಟು?

ಹಕ್ಕು ಉಪಕಾರವಾಗಿ ವೇಷ ಬದಲಿಸುವುದು ಹೀಗೆಯೇ. ಅದೇ ಕಾಯ್ದೆಯ 41ಎಎ ಕಲಮು ದೊಡ್ಡ ಧರ್ಮಾರ್ಥ ಆಸ್ಪತ್ರೆಗಳ ಮೇಲೆ ಹೊಣೆಯೊಂದನ್ನು ಹೊರಿಸಿದೆ. ಶೇ. 10 ಹಾಸಿಗೆ ನಿರ್ಗತಿಕರಿಗೆ ಉಚಿತ, ಇನ್ನು ಶೇ. 10 ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ. ಇದಕ್ಕೆಂದೇ ಆಸ್ಪತ್ರೆಯ ಒಟ್ಟು ಬಿಲ್ಲಿನ ಶೇ. 2ರಷ್ಟನ್ನು ತೆಗೆದಿಡಬೇಕೆಂಬ ಯೋಜನೆಯನ್ನು 2006ರಲ್ಲಿ ಬಾಂಬೆ ಹೈಕೋರ್ಟು ರೂಪಿಸಿತು. ಇದು ಕಾನೂನು. ಆದರೆ ಬಡ ರೋಗಿಗೆ ಅದು ತಲಪುವಾಗ ಯಾರೋ ಪದಾಧಿಕಾರಿ ಬರೆದುಕೊಟ್ಟ ಶಿಫಾರಸು ಪತ್ರವಾಗಿರುತ್ತದೆ. ಪತ್ರ ಬರೆದವರಿಗೆ ಜೀವನಪರ್ಯಂತ ಋಣಿ. ಕಾನೂನು ಮಾಡಿದ ಶಾಸನಸಭೆಗೂ ತನಗೂ ಸಂಬಂಧವಿದೆಯೆಂಬ ಅರಿವು ಆ ರೋಗಿಗೆ ಹುಟ್ಟುವುದೇ ಇಲ್ಲ.

ನಂಬಿಕೆ ಕುಸಿಯುವುದಕ್ಕೆ ಮೂಲ ಇಲ್ಲಿದೆ. ಆರೋಗ್ಯವಂತನಿಗೆ ಸರ್ಕಾರವೆಂದರೆ ರಸ್ತೆ, ಮೆಟ್ರೊ, ತೆರಿಗೆ. ರೋಗಿಗೆ ಸರ್ಕಾರವೆಂದರೆ ಕಿಟಕಿ. ಕಾರ್ಡಿನ ಕಿಟಕಿ, ಔಷಧದ ಕಿಟಕಿ, ಇಂದು ಯಂತ್ರ ಕೆಟ್ಟಿದೆ ಎನ್ನುವ ಕಿಟಕಿ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ನ್ನು ಜನ ತಮ್ಮ ಕಿಸೆಯಿಂದಲೇ ಕೊಟ್ಟರು. 2013-14ರಲ್ಲಿ ಅದು ಶೇ. 64.2 ಇತ್ತೆಂಬುದನ್ನು ಮರೆಮಾಚುವುದು ಅಪ್ರಾಮಾಣಿಕತೆಯಾದೀತು, ಇಳಿದಿದೆ. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರದ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು, 2021-22ರಲ್ಲಿ ಅದಿದ್ದದ್ದು ಶೇ. 1.84. ಮಧ್ಯಮವರ್ಗದವನು ವಿಮೆಯ ಮೊರೆಹೊಕ್ಕರೆ, ಜಿಎಸ್‌ಟಿ ಬಂದ 2017ರಿಂದ 2025ರ ಸೆಪ್ಟೆಂಬರ್ 22ರವರೆಗೆ ಕಂತಿನ ಮೇಲೆ ಶೇ. 18 ತೆರಿಗೆ. ವಯಸ್ಸಾದ ದಂಪತಿಗೆ 60,000 ರೂಪಾಯಿ ಕಂತಾದರೆ 10,800 ರೂಪಾಯಿ ಬರಿಯ ತೆರಿಗೆ. ಕಾಯಿಲೆ ಬೀಳುವ ಭಯಕ್ಕೆ ಎಂಟು ವರ್ಷ ತೆರಿಗೆ ಕೊಟ್ಟವರು ರಾಜಕಾರಣವನ್ನು ಶಂಕಿಸಿದರೆ ಅದನ್ನು ಅಜ್ಞಾನವೆನ್ನಲು ಬಾರದು, ಅನುಭವದಿಂದ ಬಂದ ತೀರ್ಪದು. ಜೈನರೆಲ್ಲ ಶ್ರೀಮಂತರು, ಅವರಿಗೆ ಸರ್ಕಾರಿ ಆಸ್ಪತ್ರೆಯ ಗೊಡವೆಯೇಕೆ ಎನ್ನುವವರು ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರದ ಜೈನ ಒಕ್ಕಲಿನ ಮನೆಗಳನ್ನೂ, ಅಲ್ಲಿಂದ ಬಂದು ಮುಂಬೈಯ ಅಂಗಡಿಗಳಲ್ಲಿ ಗುಮಾಸ್ತಿಕೆ ಮಾಡಿ ಮುದುಕರಾದವರನ್ನೂ ಕಂಡಿಲ್ಲ.

ಈ ಪ್ರಶ್ನೆಗಳನ್ನೆತ್ತಿದೊಡನೆ ಸಮಾಜದೊಳಗಿನ ಕೆಲವು ಪಂಡಿತರು ಕರ್ಮಸಿದ್ಧಾಂತವನ್ನು ಅಡ್ಡ ಹಿಡಿಯುತ್ತಾರೆ. ರೋಗ ಅಸಾತಾವೇದನೀಯ ಕರ್ಮದ ಉದಯ, ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು, ಸಮಭಾವದಿಂದ ಸಹಿಸಬೇಕು. ಇರಲಿ. ಪರೀಷಹಜಯ ಮುನಿಯ ಸಾಧನೆ. ನಗರಪಾಲಿಕೆಯ ಅಲಕ್ಷ್ಯವನ್ನು ಸಹಿಸುವ ವ್ರತವನ್ನು ಯಾವ ಆಚಾರ್ಯರೂ ಶ್ರಾವಕರಿಗೆ ವಿಧಿಸಿಲ್ಲ. ರೋಗಿಯ ವೇದನೆಗೆ ಅವನ ಕರ್ಮ ಕಾರಣವೆಂದೇ ಒಪ್ಪಿದರೂ, ಅವನನ್ನು ಕಡೆಗಣಿಸಿದವರ ಕರ್ಮಬಂಧ ಯಾರ ಲೆಕ್ಕಕ್ಕೆ? ತತ್ತ್ವಾರ್ಥಸೂತ್ರ ಆರು ಅಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವನ್ನು ಎಣಿಸಿ, ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ‘ಗ್ಲಾನ’ನನ್ನು, ಎಂದರೆ ರೋಗಪೀಡಿತನನ್ನು, ಆಚಾರ್ಯ ಉಪಾಧ್ಯಾಯರ ಸಾಲಿನಲ್ಲಿಯೇ ಹೇಳುತ್ತದೆ. ಆ ಪಟ್ಟಿ ಮುನಿಸಂಘದ್ದೆಂಬುದು ನಿಜ. ಆದರೆ ಸಂಘವೊಂದು ರೋಗಿಯನ್ನು ಹೇಗೆ ಕಾಣಬೇಕೆಂಬ ದೃಷ್ಟಿ ಅಲ್ಲಿದೆ. ಗ್ಲಾನನು ಸಂಘದ ಹೊರಗಿನ ಯಾಚಕನಲ್ಲ, ಒಳಗಿನವನು. ಸಮಂತಭದ್ರಾಚಾರ್ಯರ ಕಥೆಯನ್ನು ಪ್ರವಚನಗಳಲ್ಲಿ ಕೇಳದವರಿಲ್ಲ. ಭಸ್ಮಕ ವ್ಯಾಧಿ ತಗುಲಿ ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ರೋಗ ಕಳೆದುಕೊಂಡು ಧರ್ಮದ ಕಾರ್ಯಕ್ಕೆ ಮರಳಲು ಹೇಳಿದರು. ರೋಗಿಯಿಂದ ಇನ್ನೂ ಕೆಲಸವಿದೆಯೆಂದು ಆ ಗುರುಗಳು ನಂಬಿದ್ದರು. ಇಂದಿನ ಸಂಘಗಳು ರೋಗಿಯ ಹೆಸರನ್ನು ನೆರವಿನ ಪಟ್ಟಿಯಲ್ಲಿ ಬರೆದು ಸಮಿತಿಯ ಪಟ್ಟಿಯಿಂದ ಅಳಿಸುತ್ತವೆ.

ಮನೆಯಿಂದ ಮತ ಹಾಕಿಸಿದರೆ ಗುಟ್ಟು ಉಳಿಯದು, ಮಕ್ಕಳು ತಮಗೆ ಬೇಕಾದವರಿಗೆ ಒತ್ತಿಸುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆ ಅಪಾಯ ನಿಜ. ಆದರೆ 85 ದಾಟಿದವರ ಮನೆಯಲ್ಲಿ ಇಲ್ಲದ ಅಪಾಯ 60ರ ಕ್ಯಾನ್ಸರ್ ರೋಗಿಯ ಮನೆಯಲ್ಲಿ ಹೇಗೆ ಹುಟ್ಟುತ್ತದೆ? ಸಿಬ್ಬಂದಿ, ಚಿತ್ರೀಕರಣ, ಅಭ್ಯರ್ಥಿಗಳ ಪ್ರತಿನಿಧಿಗಳು ಇವೆಲ್ಲ ಅಲ್ಲಿಗೆ ಸಾಕಾದರೆ ಇಲ್ಲಿಗೂ ಸಾಕು. ಖರ್ಚಿನ ಮಾತಿಗಂತೂ ಉತ್ತರವೇ ಬೇಡ. ಒಬ್ಬನೇ ಮತದಾರನಿಗಾಗಿ ಗಿರ್ ಕಾಡಿನ ನಡುವೆ ಮತಗಟ್ಟೆ ತೆರೆಯುವ ದೇಶವಿದು.

ಜೈನ ಸಮಾಜಕ್ಕೆ ಈ ವಿಷಯ ಇತರರಿಗಿಂತ ತುರ್ತಿನದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನ ಮಹಿಳೆಯರ ಸಂತಾನ ಪ್ರಮಾಣ 2015-16ರಲ್ಲಿ 1.2, 2019-21ರಲ್ಲಿ 1.6. ಜನಸಂಖ್ಯೆ ನಿಂತಲ್ಲಿ ನಿಲ್ಲಲು ಬೇಕಾದದ್ದು 2.1. ಇದರಿಂದ ಗಾಬರಿಗೊಂಡು ಹೆಚ್ಚು ಮಕ್ಕಳನ್ನು ಹೆರಿರೆಂದು ಕರೆಕೊಡುವ ವೇದಿಕೆಗಳು ಹೆಚ್ಚಿವೆ. ಇರುವ ಮುದುಕರ, ರೋಗಿಗಳ ದನಿಯನ್ನು ಉಳಿಸಿಕೊಳ್ಳುವ ಕರೆ ಮಾತ್ರ ಕೇಳಿಬಂದಿಲ್ಲ. 2011ರ ಗಣತಿಯಲ್ಲಿ ದೇಶದ ಜೈನರು ಸುಮಾರು 44.5 ಲಕ್ಷ. ಅಲ್ಪಸಂಖ್ಯಾತರೆಂಬ ಮನ್ನಣೆಗಾಗಿ 2014ರವರೆಗೆ ಹೋರಾಡಿದ ಸಮಾಜ, ತನ್ನೊಳಗಿನ ಹಾಸಿಗೆ ಹಿಡಿದ ಮತದಾರರು ಎಷ್ಟೆಂದು ಒಮ್ಮೆಯೂ ಎಣಿಸಿಲ್ಲ.

ಎಣಿಕೆ ಚಾತುರ್ಮಾಸದಲ್ಲಿಯೇ ಆರಂಭವಾಗಬಹುದು. ಮನೆಮನೆಗೆ ಚಂದಾ ಎತ್ತಲು ಹೋಗುವ ಯುವಕ ಮಂಡಲಗಳು ಜೊತೆಗೊಂದು ಹಾಳೆ ಒಯ್ಯಲಿ. ಯಾರಿಗೆ ಮೆಟ್ಟಿಲು ಇಳಿಯಲಾಗದು, ಯಾರಿಗೆ ಡಯಾಲಿಸಿಸ್ ಯಾವ ದಿನ, ಯಾರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಸಿಗುವಂತಿದ್ದೂ ಮಾಡಿಸಿಲ್ಲ ಎಂಬುದನ್ನು ರೋಗಿಯ ಒಪ್ಪಿಗೆ ಪಡೆದು, ರೋಗಿಯ ಬಾಯಿಂದಲೇ ಕೇಳಿ ಬರೆಯಲಿ. ಯಾವ ಪಕ್ಷವೆಂದು ಕೇಳಕೂಡದು. ಕೇಳಿದವನನ್ನು ಆ ಕೆಲಸದಿಂದ ತೆಗೆಯಬೇಕು. ಸಂಘದ ಬೈಲಾಗಳಲ್ಲಿ ಅಂಚೆ ಮತಕ್ಕೆ ಅವಕಾಶವಿಲ್ಲದಿದ್ದರೆ ತಿದ್ದಲಿ, ಅಗತ್ಯವಿದ್ದೆಡೆ ಧರ್ಮಾದಾಯ ಆಯುಕ್ತರ ಅನುಮತಿ ಪಡೆಯಲಿ. ಎರಡನೆಯ ಮಹಡಿಯ ಸಭಾಭವನದಲ್ಲಿ ಕೈ ಎತ್ತಿಸಿ ಅಧ್ಯಕ್ಷರನ್ನು ಆರಿಸುವ ಸಂಘಕ್ಕೆ ದೇಶದ ಮತದಾನದ ಬಗ್ಗೆ ಉಪದೇಶಿಸುವ ಅಧಿಕಾರ ಎಲ್ಲಿಂದ ಬಂತು? ಕ್ಷೇತ್ರದ ಅಭ್ಯರ್ಥಿಗಳು ಬಸದಿಗೆ ಬಂದು ಶಾಲು ಹೊದೆಸಿಕೊಳ್ಳುವಾಗ, ತೀವ್ರ ರೋಗಿಗಳಿಗೆ ವೈದ್ಯರ ಪತ್ರದ ಆಧಾರದ ಮೇಲೆ ಮನೆಮತದಾನ ಕೊಡಬೇಕೆಂಬ ಲಿಖಿತ ಬೇಡಿಕೆ ಅವರ ಕೈಸೇರಲಿ, ಉತ್ತರವೂ ಲಿಖಿತದಲ್ಲಿಯೇ ಬರಲಿ.

ಎಷ್ಟೋ ಬಸದಿಗಳ ಉಗ್ರಾಣಗಳಲ್ಲಿ ಬೆನ್ನಿಗೆ ದಾನಿಗಳ ಹೆಸರು ಬರೆಸಿಕೊಂಡ ಗಾಲಿಕುರ್ಚಿಗಳಿವೆ. ಆ ಉಗ್ರಾಣದ ಬೀಗದ ಕೈ ಯಾರ ಬಳಿಯಿದೆ, ಮತದಾನದ ದಿನ ಬೆಳಗ್ಗೆ 7ರಿಂದ ಸಂಜೆ 6ರವರೆಗೆ ಯಾರನ್ನು ಕರೆಯಬೇಕು ಎಂಬುದನ್ನು ಒಂದು ವಾರ ಮುಂಚೆಯೇ ಸೂಚನಾ ಫಲಕದ ಮೇಲೆ ಬರೆದು ಹಾಕಲಿ.